ಜಡಿಮಳೆಯಲ್ಲಿ ಡ್ಯೂಟಿ: ಪೊಲೀಸರ ಮೈಮೇಲಿನ ಸಲಕರಣೆ

ಪೊಲೀಸರು ಡ್ಯೂಟಿಗೆ ಹೊರಡುವಾಗ ಏನೇನು ಒಯ್ಯುತ್ತಾರೆ ಅಂತ ಕೇಳಿದರೆ ಇಲ್ಲಿ ಕೂತಿರುವ ಕಾಲೇಜು ಹುಡುಗರೂ ಹೇಳುತ್ತಾರೆ: ಲಾಠಿ, ಸೀಟಿ, ವಾಕಿಟಾಕಿ, ಟಾರ್ಚು, ಕೈಕೋಳ, ಅಧಿಕಾರಿಯಾದರೆ ಸೊಂಟದಲ್ಲೊಂದು ಪಿಸ್ತೂಲು. ಇದೇ ಪಟ್ಟಿ ಬಳ್ಳಾರಿಯಲ್ಲೂ ಇದೆ, ಆಗುಂಬೆಯಲ್ಲೂ ಇದೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆರಿದ್ರೆಯಲ್ಲಿ ಹಿಡಿದ ಮಳೆ ಆಶ್ಲೇಷ ದಾಟಿದರೂ ಬಿಡದ ವರ್ಷಗಳಿವೆ. ಅಲ್ಲಿ ಸಲಕರಣೆ ಕೈಕೊಡುವುದು ಬಹುಪಾಲು ನೀರಿನಿಂದ. ಹೀಗಾಗಿ ಇವತ್ತು ಒಂದೊಂದು ಸಾಮಾನನ್ನೂ ಎತ್ತಿಕೊಂಡು, ಅದರೊಳಗೆ ನೀರು ಎಲ್ಲಿ ಹೊಗುತ್ತದೆ, ಹೊಕ್ಕರೆ ಏನಾಗುತ್ತದೆ, ತಡೆಯುವುದು ಹೇಗೆ ಅನ್ನುವುದನ್ನೇ ಹೇಳುತ್ತೇನೆ. ತರಬೇತಿ ಮುಗಿಸಿ ಘಾಟಿ ಮೇಲಿನ ಠಾಣೆಗಳಿಗೆ ಹೊರಟಿರುವವರು, ಹೋಮ್‌ಗಾರ್ಡ್‌ನವರು ಇದನ್ನು ಗಮನವಿಟ್ಟು ಕೇಳಬೇಕು.

ರೇನ್‌ಕೋಟಿನಿಂದಲೇ ಶುರು ಮಾಡೋಣ. ಬೆಲ್ಟಿನ ಮೇಲೆ ಯಾವುದು ಎಲ್ಲಿರಬೇಕು ಅಂತ ತರಬೇತಿಯಲ್ಲಿ ಕಲಿಸುತ್ತಾರೆ. ಬಲಗೈ ಬಳಸುವವರಿಗೆ ಬಲಕ್ಕೆ ಹೋಲ್‌ಸ್ಟರ್ (ಪಿಸ್ತೂಲಿನ ಚೀಲ), ಎಡಕ್ಕೆ ವಾಕಿಟಾಕಿ, ಹಿಂದೆ ಕೈಕೋಳದ ಪೌಚು. ಮಳೆ ಬಂತು, ಮೇಲೊಂದು ಉದ್ದನೆಯ ರೇನ್‌ಕೋಟ್ ಹಾಕಿದಿರಿ. ಬೆಲ್ಟಿನ ಮೇಲಿದ್ದುದೆಲ್ಲ ಕೈಗೆಟುಕದಂತಾಯಿತು. ವಾಕಿಟಾಕಿಯ ದನಿ ಕೇಳುವುದಿಲ್ಲ, ಎದೆಯ ಕ್ಯಾಮೆರಾ ಕಾಣುವುದಿಲ್ಲ, ನಾಮಫಲಕವೂ ಮುಚ್ಚಿಹೋಯಿತು. ಹಳೆಯ ಸಿಆರ್‌ಪಿಸಿಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಪ್ರಕಾರ, ಬಂಧನ ಮಾಡುವ ಪೊಲೀಸ್ ಅಧಿಕಾರಿಯ ಹೆಸರು ಎದುರಿಗಿದ್ದವರಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು. ಮಳೆ ಬರುತ್ತಿತ್ತು ಅನ್ನುವುದು ಅದಕ್ಕೆ ವಿನಾಯಿತಿಯಾಗುವುದಿಲ್ಲ. ರೇನ್‌ಕೋಟಿನ ಎದೆಗೆ ಎರಡನೆಯ ನಾಮಫಲಕ ಹಾಕಿಸಿಕೊಳ್ಳಿ. ಪಿನ್ ಚುಚ್ಚಬೇಡಿ, ಆ ತೂತಿನಲ್ಲೇ ನೀರು ಇಳಿಯುತ್ತದೆ. ಅಂಟಿಸುವ ವೆಲ್ಕ್ರೋ ಪಟ್ಟಿ ಒಳ್ಳೆಯದು. ಮೊಣಕಾಲಿನವರೆಗಿನ ಒಂದೇ ಕೋಟಿಗಿಂತ ಮೇಲಂಗಿ, ಪ್ಯಾಂಟು ಬೇರೆಬೇರೆ ಇರುವ ಜೊತೆ ಉತ್ತಮ. ಅಂಗಿ ಸೊಂಟದವರೆಗೆ ಮಾತ್ರ ಇದ್ದರೆ ಬೆಲ್ಟು ಹೊರಗೇ ಉಳಿಯುತ್ತದೆ, ಕೈಗೆ ಸಿಗುತ್ತದೆ.

ಹೊಳೆಯುವ ಜಾಕೆಟ್ ಬಗ್ಗೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದರ ಬೆಳ್ಳಿ ಬಣ್ಣದ ಪಟ್ಟಿ ಎರಡು ಬಗೆಯದು. ಒಂದರಲ್ಲಿ ಸಣ್ಣ ಗಾಜಿನ ಮಣಿಗಳು ಮೇಲ್ಮೈಯಲ್ಲೇ ಇರುತ್ತವೆ. ಅದರ ಮೇಲೆ ನೀರಿನ ಪದರ ನಿಂತರೆ ಬೆಳಕು ವಾಪಸ್ ಮರಳುವುದು ತೀರಾ ಕಡಿಮೆಯಾಗುತ್ತದೆ. ಅಂದರೆ ಜೋರು ಮಳೆಯ ರಾತ್ರಿ, ಬೇಕೇಬೇಕಾದ ಹೊತ್ತಿನಲ್ಲೇ ಅದು ಮಂಕು. ಇನ್ನೊಂದು ಬಗೆಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಜೇನುಗೂಡಿನಂಥ ಪ್ರಿಸಂ ವಿನ್ಯಾಸ ಕಾಣುತ್ತದೆ. ಅದು ಒದ್ದೆಯಲ್ಲೂ ಹೊಳೆಯುತ್ತದೆ. ನಿಮ್ಮ ಜಾಕೆಟ್ ಯಾವುದು ಅಂತ ಇವತ್ತೇ ನೋಡಿ: ಒಂದು ಚೊಂಬು ನೀರು ಸುರಿಯಿರಿ, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹತ್ತು ಮಾರು ದೂರದಿಂದ ಬೆಳಕು ಬಿಡಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಮರ ಬಿದ್ದಾಗಲೋ ಲಾರಿ ಅಡ್ಡ ನಿಂತಾಗಲೋ ವಾಹನ ತಡೆಯುವವರು ಜಾಕೆಟ್ ಒಂದನ್ನೇ ನಂಬಬಾರದು. ತಿರುವಿನ ಮೇಲೊಬ್ಬರು, ಕೆಳಗೊಬ್ಬರು, ಇಬ್ಬರ ಕೈಯಲ್ಲೂ ಕೆಂಪು ಬೆಳಕಿನ ಬ್ಯಾಟನ್ ಇರಬೇಕು.

ಇನ್ನು ವಾಕಿಟಾಕಿ. ಮಲೆನಾಡಿನ ಪೊಲೀಸರ ಮೈಮೇಲೆ ಇದಕ್ಕಿಂತ ದೊಡ್ಡ ಆಯುಧ ಇಲ್ಲ ಅಂತ ನನ್ನ ಅಭಿಪ್ರಾಯ. ಲಾಠಿ ಮರೆತು ಹೋದರೂ ಕೆಲಸ ನಡೆದೀತು, ಸೆಟ್ ಸತ್ತರೆ ನೀವು ಒಂಟಿ. ಪೊಲೀಸ್ ವಾಕಿಟಾಕಿಗಳು ಹೆಚ್ಚಾಗಿ ವಿಎಚ್‌ಎಫ್ ಸೆಟ್‌ಗಳು. 136ರಿಂದ 174 ಮೆಗಾಹರ್ಟ್ಸ್ ಪಟ್ಟಿಯಲ್ಲಿ, 5 ವ್ಯಾಟ್ ಆಸುಪಾಸಿನ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಅಲೆಯ ಉದ್ದ ಸುಮಾರು ಎರಡು ಮೀಟರ್. ಈ ಅಲೆ ಗುಡ್ಡದ ಅಂಚಿನಲ್ಲಿ ಚೂರು ಬಾಗೀತೇ ಹೊರತು ಗುಡ್ಡವನ್ನು ತೂರಿ ಬರುವುದಿಲ್ಲ. ಎತ್ತರದ ಗುಡ್ಡದ ಮೇಲೆ ರಿಪೀಟರ್ ಇಟ್ಟಿರುವುದು ಅದಕ್ಕೇ. ನಿಮ್ಮ ಸೆಟ್ ಒಂದು ತರಂಗಾಂತರದಲ್ಲಿ ಕಳಿಸುತ್ತದೆ, ರಿಪೀಟರ್ ಅದನ್ನು ಹಿಡಿದು ಇನ್ನೊಂದರಲ್ಲಿ ಜೋರಾಗಿ ಹೊರಬಿಡುತ್ತದೆ.

ಇದರಿಂದ ಎರಡು ಅಭ್ಯಾಸ ಹುಟ್ಟಬೇಕು. ಗುಂಡಿ ಒತ್ತಿದ ತಕ್ಷಣ ಮಾತು ಶುರು ಮಾಡಬೇಡಿ. ನಿಮ್ಮ ಸೆಟ್ಟಿನ ಸಂಕೇತವನ್ನು ಗುರುತಿಸಿ ರಿಪೀಟರ್ ಏಳುವುದಕ್ಕೆ ಅರೆಕ್ಷಣ ಬೇಕು. ಆ ಅರೆಕ್ಷಣದಲ್ಲಿ ಆಡಿದ ಮಾತು ಯಾರಿಗೂ ತಲುಪುವುದಿಲ್ಲ. 'ಬೇಡ, ಬರಬೇಡಿ' ಅಂದಿದ್ದರಲ್ಲಿ ಮೊದಲ 'ಬೇಡ' ಹಾರಿಹೋದರೂ ನಡೆಯುತ್ತದೆ. 'ಇಬ್ಬರು ಗಾಯಾಳು' ಅನ್ನುವುದರಲ್ಲಿ 'ಇಬ್ಬರು' ಹಾರಿಹೋದರೆ ಒಂದೇ ಆಂಬುಲೆನ್ಸ್ ಬರುತ್ತದೆ. ಒತ್ತಿ, ಒಂದು ಎಣಿಸಿ, ಆಮೇಲೆ ಮಾತಾಡಿ. ಮೈಕಿಗೂ ಬಾಯಿಗೂ ಮೂರು ಬೆರಳು ಅಂತರವಿರಲಿ. ಕೂಗಿದರೆ ದನಿ ಒಡೆಯುತ್ತದೆ.

ಎರಡನೆಯದು, ಸಿಗ್ನಲ್ ಇಲ್ಲ ಅನ್ನಿಸಿದಾಗ ಸೆಟ್ಟನ್ನು ಸೊಂಟದಿಂದ ತೆಗೆದು ಮುಖದೆತ್ತರಕ್ಕೆ ಹಿಡಿಯಿರಿ, ಆಂಟೆನಾ ನೆಟ್ಟಗಿರಲಿ. ಸೊಂಟದಲ್ಲಿದ್ದಾಗ ನಿಮ್ಮ ಮೈಯೇ ಅಲೆಯ ದೊಡ್ಡ ಪಾಲು ಹೀರಿಕೊಂಡಿರುತ್ತದೆ. ಆಗಲೂ ಆಗದಿದ್ದರೆ ಅರ್ಧ ಮೀಟರ್ ಆಚೀಚೆ ಹೆಜ್ಜೆ ಇಡಿ. ಗುಡ್ಡಕ್ಕೆ ಬಡಿದು ಬಂದ ಅಲೆ, ನೇರ ಬಂದ ಅಲೆ ಎರಡೂ ಒಂದನ್ನೊಂದು ಕೊಂದುಕೊಳ್ಳುವ ಜಾಗಗಳಿರುತ್ತವೆ. ಅಲೆಯುದ್ದದ ಕಾಲು ಭಾಗ ಸರಿದರೆ ಸಾಕು, ದನಿ ಮರಳುತ್ತದೆ. ಜೀಪಿನೊಳಗೆ ಕೂತು ಕರೆಯುತ್ತಿದ್ದರೆ ಇಳಿದು ಹೊರಗೆ ಬನ್ನಿ. ಕಣಿವೆಯಲ್ಲಿ ಕಾಣೆಯಾದವರನ್ನು ಹುಡುಕುವ ತಂಡಗಳು ರಿಪೀಟರ್ ನೆಚ್ಚಿಕೊಳ್ಳದೆ, ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಾಡುವ ಚಾನೆಲ್ಲನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ನೀರಿನ ವಿಷಯಕ್ಕೆ ಬಂದರೆ, ಸೆಟ್ಟಿನ ಮೇಲೆ ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹನಿ ಹೋಗಬಾರದು ಎಂದರ್ಥ. ಐಪಿ54 ಅಂದರೆ ಎರಚಲಿಗೆ ಮಾತ್ರ ತಡೆ. ಆದರೆ ಈ ಮಾತು ನಿಲ್ಲುವುದು ಪಕ್ಕದ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದ್ದರೆ ಮಾತ್ರ. ಹೆಡ್‌ಸೆಟ್ ಚುಚ್ಚುವ ಕಿಂಡಿಯ ಆ ಮುಚ್ಚಳ ಕಿತ್ತುಹೋಗಿರುವ ಸೆಟ್ಟುಗಳು ಎಷ್ಟಿವೆ, ನೀವೇ ಠಾಣೆಗೆ ಹೋಗಿ ನೋಡಿ. ಬ್ಯಾಟರಿಯ ತಳದ ತಾಮ್ರದ ಬಿಂದುಗಳು ಥಂಡಿಗೆ ಕಪ್ಪಾಗುತ್ತವೆ. ಆಗ ಬ್ಯಾಟರಿ ಪೂರ್ತಿ ಇದ್ದರೂ ಗುಂಡಿ ಒತ್ತಿದೊಡನೆ ಸೆಟ್ ಆರಿಹೋಗುತ್ತದೆ. ಕೇಳುವಾಗ ಸಾಲುವ ಕರೆಂಟು, ಕಳಿಸುವಾಗ ಸಾಲುವುದಿಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮರಳುಕಾಗದ ಬೇಡ, ಮೇಲಿನ ಲೇಪವೇ ಹೋಗುತ್ತದೆ. ಮೈಕಿನ ಸಣ್ಣ ತೂತಿನಲ್ಲಿ ನೀರು ನಿಂತು ದನಿ ಗೊಗ್ಗರಾದರೆ ತೂತು ಕೆಳಗೆ ಮಾಡಿ ಅಂಗೈಗೆ ತಟ್ಟಿ. ಪಿನ್ನು ಹಾಕಿದರೆ ಒಳಗಿನ ತೆಳು ಪೊರೆ ಹರಿಯುತ್ತದೆ.

ಇನ್ನೊಂದು ಅಪಾಯ ನೀರಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಲೇಬೇಕು. ಜೀಪಿನ ಸೀಟಿನ ಮೇಲೆ ಸೆಟ್ ಇಟ್ಟು ಅದರ ಮೇಲೆ ಬ್ಯಾಗೋ ರೇನ್‌ಕೋಟೋ ಬಿದ್ದು ಮಾತಿನ ಗುಂಡಿ ಒತ್ತಿಕೊಂಡೇ ಉಳಿಯುತ್ತದೆ. ಆ ಚಾನೆಲ್ಲಿನಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ. ನಿಮಗೂ ಏನೂ ಕೇಳಿಸುವುದಿಲ್ಲ, ಹಾಗಾಗಿ ನಿಮ್ಮದೇ ತಪ್ಪು ಅಂತ ಗೊತ್ತೂ ಆಗುವುದಿಲ್ಲ. ಬಹಳ ಹೊತ್ತು ಚಾನೆಲ್ ಮೌನವಾಗಿದ್ದರೆ ಮೊದಲು ನಿಮ್ಮ ಸೆಟ್ಟಿನ ಕೆಂಪು ದೀಪ ನೋಡಿಕೊಳ್ಳಿ.

ಟಾರ್ಚಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಂಜಿನಲ್ಲಿ ಹೆಚ್ಚು ಬೆಳಕಿನ ಟಾರ್ಚು ಹೆಚ್ಚು ತೋರಿಸುವುದಿಲ್ಲ. ಕಣ್ಣಿನ ಪಕ್ಕ ಹಿಡಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ನೇರ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ತೋಳು ಪಕ್ಕಕ್ಕೆ ಚಾಚಿ, ಮೊಣಕಾಲಿನೆತ್ತರಕ್ಕೆ ಇಳಿಸಿ, ಕಡಿಮೆ ಬೆಳಕಿನ ಮಟ್ಟಕ್ಕೆ ಹಾಕಿ. ಹಿಂಬದಿ ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ಗಾಡಿಗೆ ಹಾಕುವ ಗ್ರೀಸ್ ಹಾಕಿದರೆ ಉಂಗುರ ಉಬ್ಬಿ ಹಾಳಾಗಬಹುದು.

ಸೀಟಿಯೊಳಗೆ ಬಿರಡೆಯ ಚೂರೊಂದು ಉರುಳುತ್ತಿರುತ್ತದಲ್ಲ, ಅದು ನೀರು ಕುಡಿದು ಊದಿಕೊಂಡರೆ ಸಿಕ್ಕಿಬೀಳುತ್ತದೆ, ಸೀಟಿ ಬರೇ ಉಸ್ ಅನ್ನುತ್ತದೆ. ಒಳಗೆ ಗುಂಡೇ ಇಲ್ಲದ ಪ್ಲಾಸ್ಟಿಕ್ ಸೀಟಿಗಳು ಸಿಗುತ್ತವೆ, ಮಳೆಗಾಲಕ್ಕೆ ಅದನ್ನೇ ಇಟ್ಟುಕೊಳ್ಳಿ.

ಲಾಠಿಗೆ ಬರೋಣ. ಈಗ ಫೈಬರ್ ಲಾಠಿ ಹೆಚ್ಚು, ಬಿದಿರಿನದೂ ಉಳಿದಿದೆ. ಬಿದಿರಿಗೆ ಇಲ್ಲಿ ಎರಡು ಶತ್ರುಗಳು: ಬೂಷ್ಟು ಮತ್ತು ಕುಟ್ಟೆ ಹುಳ. ಹುಳ ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನುವುದಕ್ಕೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸುವ ನಮ್ಮ ಹಳ್ಳಿಗಳ ಪದ್ಧತಿ ಆ ಪಿಷ್ಟವನ್ನೇ ಕರಗಿಸಿ ತೆಗೆಯುತ್ತದೆ. ಲಾಠಿಯ ಕೆಳಗೆ ಹಳದಿ ಹಿಟ್ಟು ಉದುರಿದ್ದು ಕಂಡರೆ ಒಳಗೆ ಟೊಳ್ಳಾಗಿದೆ ಅಂತಲೇ ತಿಳಿಯಿರಿ. ಉದ್ದಕ್ಕೆ ಸೀಳು ಬಿಟ್ಟ ಲಾಠಿಯನ್ನು ಟೇಪ್ ಸುತ್ತಿ ಬಳಸಬೇಡಿ. ಏಟಿಗೆ ಸೀಳು ಅಗಲಿಸಿ, ಮುಚ್ಚಿಕೊಳ್ಳುವಾಗ ಚರ್ಮವನ್ನು ಕಚ್ಚಿ ಹರಿಯುತ್ತದೆ, ಎದುರಿನವರದೂ ನಿಮ್ಮದೂ. ಲಾಠಿ ಬೀಸಬೇಕಾಗಿ ಬಂದರೆ ಕಾಲಿಗೆ ಮಾತ್ರ. ತಲೆ, ಕುತ್ತಿಗೆಯೆಲುಬು, ಬೆನ್ನುಹುರಿ ಮುಟ್ಟಬಾರದು. ಒದ್ದೆ ನೆಲದಲ್ಲಿ ನಿಂತು ಬೀಸಿದ ಲಾಠಿ ಗುರಿ ತಪ್ಪಿ ಮೇಲಕ್ಕೆ ಹೋಗುತ್ತದೆ, ಯಾಕೆಂದರೆ ಕಾಲು ಜಾರುವಾಗ ಕೈ ತಾನಾಗಿ ಎದ್ದಿರುತ್ತದೆ. ಮೊದಲು ಕಾಲು ಊರಿ.

ಹಾಗೇ ಟೋಪಿಯ ಮಾತು. ನಮ್ಮ ಕಾನ್‌ಸ್ಟೆಬಲ್‌ಗಳ ತಲೆ ಮೇಲೆ ದಶಕಗಳ ಕಾಲ ಇದ್ದದ್ದು ಒಂದು ಅಂಚು ಮಡಚಿದ ಸ್ಲೌಚ್ ಹ್ಯಾಟ್. ಮಳೆಯಲ್ಲಿ ಅದು ನೀರು ಹೀರಿ ಭಾರವಾಗುತ್ತಿತ್ತು, ಬೇಗ ಒಣಗುತ್ತಲೂ ಇರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಅದರ ಬದಲು ನೇವಿ ನೀಲಿಯ ಪೀಕ್ ಕ್ಯಾಪ್ ತಂದಿತು. ಮಲೆನಾಡಿನ ಸಿಬ್ಬಂದಿಯ ಮಟ್ಟಿಗೆ ಇದು ನಿಜವಾದ ಉಪಕಾರ.

ಕೈಕೋಳದ ವಿಷಯ ಕೊಂಚ ನಿಧಾನವಾಗಿ ಹೇಳಬೇಕು. ಯಾರಿಗೆ ಹಾಕಬಹುದು ಅನ್ನುವುದು ಮೊದಲ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ, ಮೂರನೇ ಉಪಕಲಂ ಅದನ್ನು ಹೇಳುತ್ತದೆ. ಪದೇಪದೇ ಅಪರಾಧ ಮಾಡುವವರು, ಕಸ್ಟಡಿಯಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಭಯೋತ್ಪಾದನೆ, ಮಾದಕವಸ್ತು, ಮಾನವ ಕಳ್ಳಸಾಗಣೆಯಂಥ ಪಟ್ಟಿಮಾಡಿದ ಅಪರಾಧಗಳು. ಅದರಲ್ಲೂ ಅಪರಾಧದ ಸ್ವರೂಪ ಮತ್ತು ಗಂಭೀರತೆ ನೋಡಿಕೊಂಡು. ಬೇಲಿ ಜಗಳದಲ್ಲಿ ಸಿಕ್ಕವರನ್ನು ಬೇಡಿ ಹಾಕಿ ಪೇಟೆಯಲ್ಲಿ ನಡೆಸುವುದಕ್ಕೆ ಇದರಲ್ಲಿ ಎಡೆಯಿಲ್ಲ. 1980ರಲ್ಲೇ ಸುಪ್ರೀಂ ಕೋರ್ಟ್, ಬೇಡಿ ಹಾಕುವುದು ಮಾಮೂಲಿ ಕ್ರಮವಾಗಬಾರದು ಅಂತ ಹೇಳಿತ್ತು.

ಹಾಕುವ ಬಗೆ ಹೀಗೆ. ಮಣಿಕಟ್ಟಿನ ಎಲುಬಿನ ಮೇಲ್ಭಾಗಕ್ಕೆ ಬರುವಂತೆ ಹಾಕಿ, ಉಂಗುರಕ್ಕೂ ಚರ್ಮಕ್ಕೂ ನಡುವೆ ನಿಮ್ಮ ಕಿರುಬೆರಳ ತುದಿ ಹೋಗುವಷ್ಟು ಜಾಗ ಬಿಡಿ. ಆಮೇಲೆ ಕೀಲಿಯ ಹಿಂಬದಿಯ ಮೊಳೆಯಿಂದ ಡಬಲ್ ಲಾಕ್ ಒತ್ತಿ. ಇದನ್ನೇ ಹೆಚ್ಚು ಜನ ಬಿಟ್ಟುಬಿಡುವುದು. ಒತ್ತದಿದ್ದರೆ ಏನಾಗುತ್ತದೆ ಗೊತ್ತೇ? ಉಂಗುರದ ಹಲ್ಲುಗಳು ಮುಂದಕ್ಕೆ ಮಾತ್ರ ಸರಿಯುತ್ತವೆ. ಜೀಪಿನಲ್ಲಿ ಕೂತವರು ತಿರುವಿನಲ್ಲಿ ವಾಲಿದಾಗ ಮೈಭಾರ ಬಿದ್ದು ಒಂದೊಂದೇ ಹಲ್ಲು ಬಿಗಿಯುತ್ತ ಹೋಗುತ್ತದೆ. ಘಾಟಿ ಇಳಿಯುವಷ್ಟರಲ್ಲಿ ಹೆಬ್ಬೆರಳ ಬುಡ ಮರಗಟ್ಟಿರುತ್ತದೆ, ಅಲ್ಲಿನ ನರಕ್ಕೆ ಪೆಟ್ಟಾದರೆ ತಿಂಗಳುಗಟ್ಟಲೆ ಜೋಮು ಹೋಗುವುದಿಲ್ಲ. ದಾರಿಯಲ್ಲಿ ಎರಡು ಸಲವಾದರೂ ನಿಲ್ಲಿಸಿ ಬೆರಳಿನ ಬಣ್ಣ ನೋಡಿ. ಮಳೆಗಾಲದಲ್ಲಿ ಹಲ್ಲುಗಳ ಸಂದಿಗೆ ತುಕ್ಕು ಬಂದರೆ ಕೀಲಿ ತಿರುಗದೆ ಬಿಚ್ಚುವುದೇ ಕಷ್ಟ. ವಾರಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಹತ್ತು ಸಲ ತೆರೆದು ಮುಚ್ಚಿ, ಒರೆಸಿ. ಕೀಲಿ ಇಬ್ಬರ ಹತ್ತಿರ ಇರಲಿ.

ಎದೆಯ ಕ್ಯಾಮೆರಾ ಇಲ್ಲಿಗೇ ಸೇರುವ ವಿಷಯ. 2022ರಲ್ಲಿ ನಮ್ಮ ಹೈಕೋರ್ಟ್ ಕೈಕೋಳದ ಒಂದು ಪ್ರಕರಣದಲ್ಲೇ, ಬಂಧನದ ಅಧಿಕಾರ ಇರುವ ಪೊಲೀಸರಿಗೆ ಬಾಡಿ ಕ್ಯಾಮೆರಾ ಕೊಡಲು ಪ್ರಯತ್ನಿಸಬೇಕು ಅಂತ ಹೇಳಿತು. ಹೊಸ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಗಳನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಲೇಬೇಕು. ಕ್ಯಾಮೆರಾ ಹವಾನಿಯಂತ್ರಿತ ಕೋಣೆಯಿಂದ ಹೊರಬಂದೊಡನೆ ಮಸೂರದ ಮೇಲೆ ಹಬೆ ಕೂರುತ್ತದೆ. ರೇನ್‌ಕೋಟಿನೊಳಗಿನ ಬೆವರಿನ ಬಿಸಿಗೂ ಹಾಗೇ. ಆದ್ದರಿಂದ ಅದು ರೇನ್‌ಕೋಟಿನ ಹೊರಗಿರಬೇಕು, ಅಂಗಿಯ ಎರಡನೇ ಗುಂಡಿಯ ಮಟ್ಟದಲ್ಲಿ. ಹೊರಡುವ ಮೊದಲು ಗಡಿಯಾರ ನೋಡಿ. ತಾರೀಕು ತಪ್ಪಿದ ವಿಡಿಯೋ ನ್ಯಾಯಾಲಯದಲ್ಲಿ ನಿಮ್ಮನ್ನೇ ಪೇಚಿಗೆ ಸಿಕ್ಕಿಸುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ, ಅಂದರೆ ಆ ಕಡತದ ಬೆರಳಚ್ಚಿನಂಥ ಸಂಕೇತ, ಬರೆಯಬೇಕಾಗುತ್ತದೆ. ಹಾಗಾಗಿ ಮೂಲ ಕಡತವನ್ನು ಕತ್ತರಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅದನ್ನೇ ಮೂಲವೆಂದು ಇಟ್ಟುಕೊಳ್ಳುವುದು ಬೇಡ. ವಾಟ್ಸ್‌ಆ್ಯಪ್ ವಿಡಿಯೋವನ್ನು ಕುಗ್ಗಿಸಿದ ಕೂಡಲೇ ಹ್ಯಾಶ್ ಬದಲಾಗುತ್ತದೆ.

ಈಗ ಬಂದೂಕು. ಬೀಟಿನ ಕಾನ್‌ಸ್ಟೆಬಲ್‌ಗಳ ಹತ್ತಿರ ಸಾಮಾನ್ಯವಾಗಿ ಇದಿರುವುದಿಲ್ಲ. ಗಾರ್ಡ್ ಡ್ಯೂಟಿ, ಎಸ್ಕಾರ್ಟ್, ಕಾಡಿನ ಕೂಂಬಿಂಗ್‌ಗೆ ಹೋಗುವವರ ಹತ್ತಿರ ಎಸ್‌ಎಲ್‌ಆರ್, ಇನ್ಸಾಸ್ ರೈಫಲ್‌ಗಳಿರುತ್ತವೆ. ಎಸ್‌ಎಲ್‌ಆರ್ 7.62 ಮಿಲಿಮೀಟರ್, ಇನ್ಸಾಸ್ 5.56. ಎರಡರ ಮ್ಯಾಗಜೀನೂ 20 ಗುಂಡಿನದು, ತೂಕ ನಾಲ್ಕು ಕಿಲೋ ಮೀರುತ್ತದೆ. ಮಳೆಯಲ್ಲಿ ಮುಖ್ಯವಾದದ್ದು ನಳಿಗೆಯೊಳಗಿನ ನೀರು. ನಳಿಗೆಯಲ್ಲಿ ನೀರು ನಿಂತಿರುವಾಗ ಗುಂಡು ಹಾರಿಸಿದರೆ ನೀರಿಗೆ ಸರಿಯಲು ಪುರುಸೊತ್ತಿಲ್ಲ, ಒತ್ತಡ ಏರಿ ನಳಿಗೆ ಉಬ್ಬಬಹುದು, ಒಡೆಯಲೂಬಹುದು. 5.56ರ ನಳಿಗೆ ಕಿರಿದು. ಬಾಯಿ ಕೆಳಗೆ ಮಾಡಿದ ಮಾತ್ರಕ್ಕೆ ನೀರು ಇಳಿಯುವುದಿಲ್ಲ. ಎಳನೀರಿನ ಸ್ಟ್ರಾದ ಮೇಲ್ತುದಿಗೆ ಬೆರಳಿಟ್ಟರೆ ನೀರು ಒಳಗೇ ನಿಲ್ಲುತ್ತದಲ್ಲ, ಅದೇ ಲೆಕ್ಕ. ಮ್ಯಾಗಜೀನ್ ತೆಗೆದು, ಛೇಂಬರಿನಲ್ಲಿ (ನಳಿಗೆಯ ಬುಡದಲ್ಲಿ ಗುಂಡು ಕೂರುವ ಗೂಡು) ಗುಂಡಿಲ್ಲ ಅಂತ ಖಚಿತ ಮಾಡಿಕೊಂಡು, ಬಾಯಿ ನೆಲದ ಕಡೆ ಇಟ್ಟು ಕಾಕಿಂಗ್ ಹ್ಯಾಂಡಲ್ಲನ್ನು ಒಂದೆರಡು ಬೆರಳಷ್ಟು ಹಿಂದಕ್ಕೆ ಎಳೆಯಿರಿ. ಹಿಂದಿನಿಂದ ಗಾಳಿ ಹೊಕ್ಕೊಡನೆ ನೀರು ಸುರಿಯುತ್ತದೆ. ಮಳೆಯಲ್ಲಿ ನಡೆಯುವಾಗ ಬಾಯಿ ಕೆಳಗಾಗಿ ಹೆಗಲಿಗೆ ಹಾಕಿಕೊಳ್ಳಿ.

ಖಾಲಿ ಮಾಡುವ ಕ್ರಮವನ್ನು ಮತ್ತೆ ಒತ್ತಿ ಹೇಳುತ್ತೇನೆ: ಮ್ಯಾಗಜೀನ್ ಮೊದಲು, ಬೋಲ್ಟ್ (ಹ್ಯಾಂಡಲ್ ಎಳೆದಾಗ ಹಿಂದೆ ಸರಿಯುವ ಭಾಗ) ಆಮೇಲೆ. ಮ್ಯಾಗಜೀನ್ ಇರುವಾಗಲೇ ಬೋಲ್ಟ್ ಎಳೆದುಬಿಟ್ಟರೆ ಛೇಂಬರಿನ ಗುಂಡು ಹೊರಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಅದೇ ಎಳೆತದಲ್ಲಿ ಇನ್ನೊಂದು ಗುಂಡು ಒಳಸೇರಿದ್ದು ಕಾಣುವುದಿಲ್ಲ. ಕೈ ಮರಗಟ್ಟಿದ ಚಳಿಯಲ್ಲಿ, ಅರೆನಿದ್ದೆಯ ಪಾಳಿ ಬದಲಾವಣೆಯಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಕಣ್ಣಿನಿಂದ ನೋಡಿ, ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ.

ಪಿಸ್ತೂಲನ್ನೂ ಗುಂಡುಗಳನ್ನೂ ಚರ್ಮದ ಹೋಲ್‌ಸ್ಟರಿನಲ್ಲಿ, ಚರ್ಮದ ಪಟ್ಟಿಯಲ್ಲಿ ದಿನಗಟ್ಟಲೆ ಬಿಡಬೇಡಿ. ಹದ ಮಾಡಿದ ಚರ್ಮದ ರಾಸಾಯನಿಕಗಳು ತೇವದ ಜೊತೆ ಸೇರಿ ಹಿತ್ತಾಳೆಯ ಮೇಲೆ ಹಸಿರು ಕಿಲುಬು ತರುತ್ತವೆ. ಕಿಲುಬು ಹಿಡಿದ ಗುಂಡು ಛೇಂಬರಿನಲ್ಲಿ ಕಚ್ಚಿಕೊಂಡರೆ ಖಾಲಿ ತೋಟಾ ಹೊರಬರುವುದಿಲ್ಲ. ಹಾಗಂತ ಗುಂಡಿಗೆ ಎಣ್ಣೆ ಹಚ್ಚುವುದು ಇನ್ನೂ ಕೆಟ್ಟದ್ದು. ಎಣ್ಣೆ ತಳದ ಟೋಪಿಯೊಳಗೆ, ಅಂದರೆ ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ಗೆ, ಇಳಿದು ಗುಂಡು ಸಿಡಿಯದೇ ಹೋಗುತ್ತದೆ. ಒಣಬಟ್ಟೆ ಸಾಕು. ನಳಿಗೆಗೆ ಪುಲ್‌ಥ್ರೂ (ಚಿಂದಿ ಕಟ್ಟಿ ಎಳೆಯುವ ಹಗ್ಗ) ಎಳೆಯುವಾಗ ಛೇಂಬರ್ ಕಡೆಯಿಂದ ಬಾಯಿ ಕಡೆಗೆ, ಚಿಂದಿ ಒಣಗಿ ಬರುವ ತನಕ ಎಳೆದು, ಕೊನೆಗೆ ಎಣ್ಣೆಯ ತೆಳು ಕೈ. ಶಸ್ತ್ರಾಗಾರದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟಿರುತ್ತಾರೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಅಂತ ಅರ್ಥ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಎಸೆಯಬೇಡಿ.

ಬಂದೋಬಸ್ತಿನ ಹೆಲ್ಮೆಟ್, ಶೀಲ್ಡ್ ಬಗ್ಗೆ ಒಂದೇ ಮಾತು. ಅವು ಪಾಲಿಕಾರ್ಬೊನೇಟ್. ಬಣ್ಣದ ಕಲೆ ತೆಗೆಯುತ್ತೇನೆ ಅಂತ ಥಿನ್ನರ್, ಪೆಟ್ರೋಲ್ ಸವರಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಮೊದಲ ಕಲ್ಲಿಗೇ ಒಡೆಯುತ್ತದೆ. ಸೋಪುನೀರು, ಮೆತ್ತನೆ ಬಟ್ಟೆ ಸಾಕು.

ಕಾಡಿನೊಳಗೆ ಶವ ಪಂಚನಾಮೆಗೋ ಶೋಧಕ್ಕೋ ಹೋಗುವವರಿಗೆ ಬೂಟಿನ ವಿಷಯ. ಇಂಬಳಕ್ಕೆ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಹೊಗೆಸೊಪ್ಪಿನ ನೀರು ಸವರುವುದು ನಿಮಗೆಲ್ಲ ಗೊತ್ತು. ಇಂಬಳ ರಕ್ತ ಕುಡಿದು ಹೋಗುತ್ತದೆ, ಅಷ್ಟೇ. ಹೆದರಬೇಕಾದದ್ದು ಮಳೆ ನಿಂತ ಮೇಲಿನ ಉಣುಗಿಗೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳ ಕಾಲ. ಆಗ ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದೊಡನೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಾಕಿ ಸ್ನಾನ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ, ಉಗುರಿನಲ್ಲಿ ಹಿಸುಕಬೇಡಿ.

ಡ್ಯೂಟಿ ಮುಗಿದ ಮೇಲೆ ಬೂಟನ್ನು ಬಚ್ಚಲ ಒಲೆಯ ಪಕ್ಕ ಇಡುವ ರೂಢಿ ನಮ್ಮಲ್ಲಿದೆ. ಬೇಡ. ಚರ್ಮ ಸೆಟೆದು ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೇ ಪತ್ರಿಕೆ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ, ಗಾಳಿಯಾಡುವಲ್ಲಿಡಿ. ವಾಕಿಟಾಕಿ, ಕ್ಯಾಮೆರಾ, ಟಾರ್ಚುಗಳನ್ನೂ ಒಲೆಯಿಂದ ದೂರ ಇಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಅಪಾಯಕಾರಿ. ಬ್ಯಾಟರಿ ಬಿಚ್ಚಿ, ಎರಡೂ ಕಡೆ ಒರೆಸಿ, ಒಣಗಿದ ಮೇಲೆಯೇ ಚಾರ್ಜಿಗೆ ಹಾಕಿ. ಮಳೆಯಲ್ಲಿ ಲೈನ್ ಹರಿದು ಎರಡು ಮೂರು ದಿನ ಕರೆಂಟು ಬರದ ಠಾಣೆಗಳಿಗೆ ಹೋಗುವವರು ಜೀಪಿನ 12 ವೋಲ್ಟ್ ಕಿಂಡಿಗೆ ಹೊಂದುವ ಚಾರ್ಜರನ್ನು ಮೇ ತಿಂಗಳಲ್ಲೇ ಕೇಳಿ ತರಿಸಿಕೊಳ್ಳಿ. ಪ್ರತಿ ಬ್ಯಾಟರಿಗೂ ಬಿಳಿ ಟೇಪು ಅಂಟಿಸಿ, ಚಾರ್ಜಿನಿಂದ ತೆಗೆದ ತಾರೀಕು, ಹೊತ್ತು ಬರೆಯಿರಿ. ಬರೆಯುವುದಕ್ಕೆ ಪೆನ್ಸಿಲೇ ಇರಲಿ, ಶಾಯಿ ನೀರಿಗೆ ಹರಡುತ್ತದೆ. ಸೆಟ್ಟಿನ ಮುಚ್ಚಳ ಹೋಗಿದೆ, ಕೈಕೋಳದ ಕೀಲಿ ಬಿಗಿ ಅನ್ನುವಂಥ ದೋಷಗಳನ್ನು ಮುಂದಿನ ಪಾಳಿಯವರಿಗೆ ಬಾಯಿಮಾತಿನಲ್ಲಿ ಹೇಳಿ ಬಿಡದೆ ರಿಜಿಸ್ಟರಿನಲ್ಲಿ ಬರೆದು, ರೈಟರ್ (ಠಾಣೆಯ ಬರವಣಿಗೆ ನೋಡಿಕೊಳ್ಳುವವರು) ಕೈಯಲ್ಲಿ ಸಹಿ ಹಾಕಿಸಿಕೊಂಡು ಹೋಗಿ.